ದಿನಸಿಯ ವೆಚ್ಚವೂ ಸಾಲದ ತೀರುವಳಿಯೂ

ಸಂಬಳ ಕೈಸೇರಿದ ಮೊದಲ ವಾರದಲ್ಲಿಯೇ ಅದರ ದೊಡ್ಡ ಪಾಲು ಎರಡು ದಾರಿಗಳಲ್ಲಿ ಹೊರಟುಹೋಗುತ್ತದೆ. ಒಂದು ಅಡುಗೆಮನೆಯ ದಾರಿ, ಇನ್ನೊಂದು ಸಾಲದ ದಾರಿ. ಮನೆಯ ಬಾಡಿಗೆ, ಮಕ್ಕಳ ಶಾಲಾ ಶುಲ್ಕ, ರೈಲು ಅಥವಾ ಬಸ್ಸಿನ ಪಾಸು ಇವು ಮನಸ್ಸು ಮಾಡಿದ ಮಾತ್ರಕ್ಕೆ ಕಡಿಮೆಯಾಗುವಂಥವಲ್ಲ. ಕಂತಿನ ಮೊತ್ತವನ್ನು ಸಾಲ ಕೊಟ್ಟವರೇ ಗೊತ್ತುಪಡಿಸಿರುತ್ತಾರೆ. ಆದ್ದರಿಂದ ಸಾಲದ ಭಾರ ಹೆಚ್ಚಿದಾಗ ಕುಟುಂಬದವರ ದೃಷ್ಟಿ ಸಹಜವಾಗಿಯೇ ದಿನಸಿಯ ಚೀಟಿಯತ್ತ ಹರಿಯುತ್ತದೆ. ಅಲ್ಲಿ ಕೈಹಾಕುವುದು ತಪ್ಪಲ್ಲ. ಆದರೆ ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಮುಟ್ಟಬಾರದು, ಹಾಗೆ ಉಳಿದ ಹಣವು ಯಾವ ಸಾಲಕ್ಕೆ ಸಲ್ಲಬೇಕು ಎಂಬುದನ್ನು ವಿಚಾರಿಸದೆ ಕೈಗೊಂಡ ಮಿತವ್ಯಯದಿಂದ ಊಟವೂ ಬಡವಾಗುತ್ತದೆ, ಸಾಲವೂ ಇದ್ದಲ್ಲಿಯೇ ಉಳಿಯುತ್ತದೆ.

ಕೇಂದ್ರ ಸರ್ಕಾರದ ಅಂಕಿಅಂಶ ಸಚಿವಾಲಯವು 2023–24ರಲ್ಲಿ ನಡೆಸಿದ ಗೃಹಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ, ನಗರ ಪ್ರದೇಶದಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ಮಾಸಿಕ ಬಳಕೆ ವೆಚ್ಚ 6,996 ರೂಪಾಯಿ. ಅದರಲ್ಲಿ ಶೇಕಡಾ 39.68ರಷ್ಟು ಆಹಾರಕ್ಕೆ ವ್ಯಯವಾಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಅಕ್ಕಿ, ಗೋಧಿ, ಜೋಳ ಮುಂತಾದ ಧಾನ್ಯಗಳಿಗೆ ನಗರವಾಸಿಗಳು ಮಾಡುವ ವೆಚ್ಚವು ಅವರ ಒಟ್ಟು ಬಳಕೆ ವೆಚ್ಚದಲ್ಲಿ ಶೇಕಡಾ 4ಕ್ಕಿಂತ ಕಡಿಮೆ. ಹಾಲು ಮತ್ತು ಹಾಲಿನ ಪದಾರ್ಥಗಳ ಪಾಲು ಸುಮಾರು ಶೇಕಡಾ 7. ಪಾನೀಯ, ಉಪಾಹಾರ ಮತ್ತು ಸಂಸ್ಕರಿತ ತಿನಿಸುಗಳ ಪಾಲಾದರೋ ಸುಮಾರು ಶೇಕಡಾ 11. ಎಂದರೆ ತಿಂಗಳ ಕೊನೆಯಲ್ಲಿ ಅಕ್ಕಿಯ ಡಬ್ಬವನ್ನು ಅಲುಗಾಡಿಸಿ ಚಿಂತಿಸುವ ಮನೆಗಳಲ್ಲಿ ಹಣ ಸೋರುತ್ತಿರುವುದು ಬಹುಮಟ್ಟಿಗೆ ಬೇರೆಡೆಯಲ್ಲಿ.

ಒಂದು ಕುಟುಂಬದ ಲೆಕ್ಕ

ವಿಷಯವು ಸ್ಪಷ್ಟವಾಗಲು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ವಿಜಯಪುರ ಜಿಲ್ಲೆಯ ಹಳ್ಳಿಯೊಂದರಿಂದ ಬಂದು ಪುಣೆಯ ಹಡಪಸರದಲ್ಲಿ ನೆಲೆಸಿರುವ ಮನೆಯದು. ಗಂಡ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಗಂಡನ ತಾಯಿ, ಹೀಗೆ ಐದು ಜನ. ತಿಂಗಳ ಆದಾಯ 32,000 ರೂಪಾಯಿ. ದಿನಸಿ, ಹಾಲು, ತರಕಾರಿ, ಹೊರಗಿನ ತಿಂಡಿ ಎಲ್ಲ ಸೇರಿ ಆಹಾರದ ವೆಚ್ಚ 12,000 ರೂಪಾಯಿ. ಸಾಲ ಮೂರು ಬಗೆಯದು. ತಾಯಿಯ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಕ್ರೆಡಿಟ್ ಕಾರ್ಡಿನ ಮೇಲೆ ಆದ 40,000 ರೂಪಾಯಿ. ತಂಗಿಯ ಮದುವೆಗೆಂದು ಊರಿನಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಪಡೆದ 50,000 ರೂಪಾಯಿ ಕೈಗಡ. ಬೀದಿಯ ಕಿರಾಣಿ ಅಂಗಡಿಯಲ್ಲಿ 3,000 ರೂಪಾಯಿ ಉದ್ರಿ.

ಕಾರ್ಡಿನ ಸಾಲಕ್ಕೆ ತಿಂಗಳಿಗೆ ಶೇಕಡಾ 3.5ರ ಬಡ್ಡಿ ಎಂದಿಟ್ಟುಕೊಂಡರೆ ಮೊದಲ ತಿಂಗಳ ಬಡ್ಡಿ 1,400 ರೂಪಾಯಿ. ಈ ಬಡ್ಡಿಯ ಮೇಲೆ ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆಯೂ ಬೀಳುವುದರಿಂದ ಒಟ್ಟು 1,652 ರೂಪಾಯಿ ಆಗುತ್ತದೆ. ಕುಟುಂಬದವರು ತಿಂಗಳಿಗೆ 2,000 ರೂಪಾಯಿ ತಪ್ಪದೆ ಕಟ್ಟುತ್ತಿದ್ದಾರೆ. ಕಟ್ಟುತ್ತಿದ್ದೇವಲ್ಲ ಎಂಬ ಸಮಾಧಾನವೂ ಅವರಿಗುಂಟು. ಆದರೆ ಮೊದಲ ತಿಂಗಳಲ್ಲಿ ಅಸಲಿನಿಂದ ಕಳೆದದ್ದು ಕೇವಲ 348 ರೂಪಾಯಿ. ಕಾರ್ಡನ್ನು ಮತ್ತೆ ಬಳಸದೆ ಇದೇ ರೀತಿ ಕಟ್ಟುತ್ತ ಹೋದರೆ ಸಾಲ ತೀರಲು ಸುಮಾರು 43 ತಿಂಗಳು, ಎಂದರೆ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಕಟ್ಟಿದ ಹಣ 86,000 ರೂಪಾಯಿಗಳನ್ನು ದಾಟಿರುತ್ತದೆ.

ಈಗ ಅಡುಗೆಮನೆಯ ವೆಚ್ಚದಲ್ಲಿ ತಿಂಗಳಿಗೆ 1,500 ರೂಪಾಯಿ ಉಳಿಸಿ, ಅದನ್ನೂ ಕಾರ್ಡಿಗೆ ಸೇರಿಸಿ 3,500 ರೂಪಾಯಿ ಕಟ್ಟಿದರೆಂದು ಭಾವಿಸೋಣ. ಸಾಲವು 16 ತಿಂಗಳಲ್ಲಿ ತೀರುತ್ತದೆ. ಕಟ್ಟಿದ ಒಟ್ಟು ಹಣ ಸುಮಾರು 55,000 ರೂಪಾಯಿ. 31,000 ರೂಪಾಯಿಗಳಷ್ಟು ಬಡ್ಡಿಯೂ ತೆರಿಗೆಯೂ ಉಳಿದಂತಾಯಿತು. ದಿನಕ್ಕೆ 50 ರೂಪಾಯಿಗಳ ಉಳಿತಾಯವೆಂದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದುಬಾರಿ ಬಡ್ಡಿಯ ಸಾಲದ ಎದುರಿಗೆ ನಿಂತಾಗ ಮಾತ್ರ ಅದರ ಬೆಲೆ ಕಾಣುತ್ತದೆ.

ಕಾರ್ಡಿನ ಸಾಲ ಮುಗಿದ ಬಳಿಕ ಅದೇ 3,500 ರೂಪಾಯಿಯನ್ನು ಊರಿನ ಸಾಲದ ಬಡ್ಡಿಯಾದ 1,000 ರೂಪಾಯಿಯೊಡನೆ ಸೇರಿಸಿ ತಿಂಗಳಿಗೆ 4,500 ರೂಪಾಯಿಯಂತೆ ಸಲ್ಲಿಸಿದರೆ ಮುಂದಿನ 13 ತಿಂಗಳಲ್ಲಿ ಅದೂ ತೀರುತ್ತದೆ. ಹೀಗೆ 29 ತಿಂಗಳಲ್ಲಿ ಎರಡೂ ಸಾಲಗಳು ಮುಗಿಯುತ್ತವೆ. ಮೊದಲಿನ ರೀತಿಯಲ್ಲಿಯೇ ನಡೆದಿದ್ದರೆ 43 ತಿಂಗಳಾದರೂ ಊರಿನ ಸಾಲದ ಅಸಲು ಒಂದು ರೂಪಾಯಿಯೂ ಕರಗುತ್ತಿರಲಿಲ್ಲ.

ಇಲ್ಲಿ ಒಂದು ಕಷ್ಟವಿದೆ, ಅದನ್ನು ಮರೆಮಾಚಬೇಕಾಗಿಲ್ಲ. ಊರಿನ ಸಾಲ ಮರ್ಯಾದೆಯ ಸಾಲ. ಜಾತ್ರೆಗೆ, ಹಬ್ಬಕ್ಕೆ ಊರಿಗೆ ಹೋದಾಗ ಎದುರಿಗೆ ಸಿಗುವವರು ಆ ಸಾಹುಕಾರರೇ ಹೊರತು ಕಾರ್ಡು ಕೊಟ್ಟ ಬ್ಯಾಂಕಿನವರಲ್ಲ. ಆದ್ದರಿಂದ ಹೆಚ್ಚಿನವರು ಮೊದಲು ಊರಿನ ಸಾಲಕ್ಕೆ ಹಣ ಕಳುಹಿಸಲು ಬಯಸುತ್ತಾರೆ. ಆದರೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಸಾಲಕ್ಕಿಂತ ನೂರಕ್ಕೆ ನಾಲ್ಕು ರೂಪಾಯಿ ಮೀರಿದ ಸಾಲವೇ ಮನೆಯನ್ನು ಬೇಗ ತಿನ್ನುವುದು. ಊರಿನ ಸಾಲದ ಬಡ್ಡಿಯನ್ನು ತಿಂಗಳೂ ತಪ್ಪದೆ ಸಲ್ಲಿಸಿ ಮಾತು ಉಳಿಸಿಕೊಂಡು, ಮಿಕ್ಕ ಹಣವನ್ನೆಲ್ಲ ದುಬಾರಿ ಸಾಲಕ್ಕೆ ತಿರುಗಿಸುವುದು ಯುಕ್ತ. ಕೈಗಡ ಕೊಟ್ಟವರು ಅಸಲನ್ನು ಸ್ವಲ್ಪ ಸ್ವಲ್ಪವಾಗಿ ಪಡೆಯಲು ಒಪ್ಪುವರೇ, ಪಡೆದಷ್ಟಕ್ಕೆ ಬಡ್ಡಿ ಇಳಿಸುವರೇ ಎಂಬುದನ್ನು ಮೊದಲೇ ಕೇಳಿಕೊಂಡಿರಬೇಕು. ಇಡಿಯಾಗಿಯೇ ಬೇಕೆಂದರೆ ಆ ಹಣವನ್ನು ಅಂಚೆ ಕಚೇರಿಯಲ್ಲಿಯೋ ಬ್ಯಾಂಕಿನಲ್ಲಿಯೋ ಬೇರೆಯಾಗಿ ಕೂಡಿಡಬೇಕಾಗುತ್ತದೆ; ಆಗ ಮೇಲಿನ 13 ತಿಂಗಳ ಲೆಕ್ಕ ಇನ್ನಷ್ಟು ಉದ್ದವಾಗುತ್ತದೆ.

ಉದ್ರಿ ಖಾತೆ

ಬಡ್ಡಿಯೇ ಇಲ್ಲದ ಸಾಲವೊಂದನ್ನು ಎಲ್ಲಕ್ಕಿಂತ ಮೊದಲು ತೀರಿಸಬೇಕಾಗುತ್ತದೆ ಎಂದರೆ ಆಶ್ಚರ್ಯವಾಗಬಹುದು. ಅದು ಕಿರಾಣಿ ಅಂಗಡಿಯ ಉದ್ರಿ. ಕಷ್ಟಕಾಲದಲ್ಲಿ ಹೊಸ ಊರಿನಲ್ಲಿ, ಭಾಷೆಯೂ ಸರಿಯಾಗಿ ಬಾರದ ಕುಟುಂಬಕ್ಕೆ ನಂಬಿಕೆಯ ಮೇಲೆ ಅಕ್ಕಿ ಬೇಳೆ ಕೊಟ್ಟ ಅಂಗಡಿಯವರ ಉಪಕಾರ ಸಣ್ಣದಲ್ಲ. ಆದರೆ ಖಾತೆ ಇರುವವರೆಗೆ ಗಿರಾಕಿಯು ಬೇರೆ ಅಂಗಡಿಗೆ ಹೋಗುವಂತಿಲ್ಲ, ದರ ಕೇಳುವಂತಿಲ್ಲ, ಕೊಟ್ಟ ಮಾಲನ್ನು ಬೇಡವೆನ್ನುವಂತಿಲ್ಲ. ಮಗುವಿನ ಕೈಯಲ್ಲಿ ಪುಸ್ತಕ ಕೊಟ್ಟು ಕಳುಹಿಸಿದರೆ ಬೇಳೆಯ ಜೊತೆಗೆ ಬಿಸ್ಕತ್ತಿನ ಪೊಟ್ಟಣವೂ ಬರುತ್ತದೆ, ಅದು ಪುಸ್ತಕದಲ್ಲಿಯೂ ಏರುತ್ತದೆ. ನೋಟು ಎಣಿಸಿ ಕೊಡುವಾಗ ಹುಟ್ಟುವ ಎಚ್ಚರ ಖಾತೆಯಲ್ಲಿ ಬರೆಸುವಾಗ ಹುಟ್ಟುವುದಿಲ್ಲ. ದೀಪಾವಳಿಯ ಬೋನಸ್ ಅಥವಾ ಹೆಚ್ಚುವರಿ ಪಾಳಿಯ ಸಂಬಳ ಬಂದಾಗ ಮೊದಲು ಈ ಬಾಕಿಯನ್ನು ತೀರಿಸಿ ನಗದು ವ್ಯವಹಾರಕ್ಕೆ ಬಂದರೆ ಮುಂದಿನ ಎಲ್ಲ ಉಳಿತಾಯಕ್ಕೂ ದಾರಿ ತೆರೆಯುತ್ತದೆ. ಬೇಕಾದರೆ ಅದೇ ಅಂಗಡಿಯಲ್ಲಿಯೇ ವ್ಯಾಪಾರ ಮುಂದುವರಿಸಬಹುದು. ನಗದು ಗಿರಾಕಿಗೆ ದರದಲ್ಲಿ ನಾಲ್ಕು ಕಾಸು ಬಿಡುವ ಅಂಗಡಿಯವರು ಕಡಿಮೆಯೇನಲ್ಲ.

ಚೀಟಿಯನ್ನು ಓದುವುದು

ಮಿತವ್ಯಯದ ಮೊದಲ ತಿಂಗಳಲ್ಲಿ ಏನನ್ನೂ ಕಡಿಮೆ ಮಾಡದೆ, ಕೊಂಡದ್ದನ್ನೆಲ್ಲ ಬರೆದಿಡುವುದು ಉತ್ತಮ. ಮೊಬೈಲಿನಿಂದ ಹಣ ಕೊಡುವ ರೂಢಿ ಬಂದ ಮೇಲೆ ಸಂಜೆಯ ಇಪ್ಪತ್ತು ರೂಪಾಯಿ, ಮೂವತ್ತು ರೂಪಾಯಿಗಳು ನೆನಪಿನಲ್ಲಿಯೂ ನಿಲ್ಲುವುದಿಲ್ಲ, ಕೈಚೀಲವನ್ನು ನೋಡಿದರೆ ತಿಳಿಯುವಂತೆಯೂ ಇರುವುದಿಲ್ಲ. ನೋಟುಬುಕ್ಕಿನಲ್ಲಿ ಎರಡು ಕಲಮುಗಳನ್ನು ಎಳೆದು, ಪಟ್ಟಿ ಮಾಡಿಕೊಂಡು ಹೋಗಿ ತಂದದ್ದು ಒಂದರಲ್ಲಿ, ಪಟ್ಟಿಯಲ್ಲಿಲ್ಲದೆ ಬಂದದ್ದು ಇನ್ನೊಂದರಲ್ಲಿ ಬರೆದರೆ ತಿಂಗಳ ಕೊನೆಗೆ ಮನೆಯವರಿಗೇ ಬೆರಗಾಗುತ್ತದೆ.

ಹಡಪಸರದ ಕುಟುಂಬದ ಲೆಕ್ಕವನ್ನೇ ಮುಂದುವರಿಸಿದರೆ, ಬೇಕರಿ ತಿನಿಸು, ತಂಪು ಪಾನೀಯ, ಚಿಪ್ಸು, ರಾತ್ರಿ ಹಸಿವಾದಾಗ ತರಿಸಿದ ವಡಾಪಾವು ಇವೆಲ್ಲ ಸೇರಿ 1,900 ರೂಪಾಯಿ. ಇದನ್ನು ಪೂರ್ತಿ ನಿಲ್ಲಿಸುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಹದಿನಾರು ತಿಂಗಳು ಮಕ್ಕಳಿಗೆ ಒಂದು ತಿನಿಸೂ ಇಲ್ಲವೆಂಬ ನಿಯಮ ಎರಡನೆಯ ವಾರದಲ್ಲಿಯೇ ಮುರಿದುಬೀಳುತ್ತದೆ. ವಾರಕ್ಕೆ ಒಮ್ಮೆ ಹೊರಗಿನ ತಿಂಡಿ. ಉಳಿದ ದಿನ ಹುರಿದ ಶೇಂಗಾ ಬೆಲ್ಲ, ಒಗ್ಗರಣೆ ಚುರುಮುರಿ, ಅವಲಕ್ಕಿ ಎಂದು ಗೊತ್ತುಮಾಡಿಕೊಂಡರೆ 700 ರೂಪಾಯಿ ಉಳಿಯುತ್ತದೆ. ಶೇಂಗಾ ಬೆಲ್ಲ ಪೋಷಣೆಯಲ್ಲಿಯೂ ಚಿಪ್ಸಿಗಿಂತ ಎಷ್ಟೋ ಮೇಲು.

ಎರಡನೆಯದು ಎಣ್ಣೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಣ್ಣೆ ಮತ್ತು ಕೊಬ್ಬು ಸೇರಿದೆ. ಐದು ಜನರಿಗೆ ತಿಂಗಳಿಗೆ ಸುಮಾರು 4 ಕಿಲೊ, ಎಂದರೆ ನಾಲ್ಕೂವರೆ ಲೀಟರಿಗಿಂತ ಹೆಚ್ಚು ಬೇಕಾಗದು. ಆರು ಲೀಟರ್ ತರುತ್ತಿದ್ದ ಮನೆಯಲ್ಲಿ ಒಂದೂವರೆ ಲೀಟರ್ ಉಳಿದರೆ, ಲೀಟರಿಗೆ 150 ರೂಪಾಯಿಯಂತೆ 225 ರೂಪಾಯಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದನ್ನು ಉಳಿತಾಯವೆಂದು ತಿಳಿಯಬಾರದು; ಅದು ಆರೋಗ್ಯಕ್ಕೆ ಹಾನಿಕರ. ಕರಿಯುವುದನ್ನೇ ಕಡಿಮೆ ಮಾಡುವುದು ಸರಿಯಾದ ದಾರಿ.

ಮೂರನೆಯದು ಪೊಟ್ಟಣದ ಮೇಲಿನ ಬರಹ. ಕಾನೂನಾತ್ಮಕ ಮಾಪನಶಾಸ್ತ್ರದ ನಿಯಮಗಳಂತೆ ಪೊಟ್ಟಣದ ಮೇಲೆ ನಿವ್ವಳ ತೂಕ ಮತ್ತು ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಬೆಲೆಯಲ್ಲದೆ, ಒಂದು ಗ್ರಾಮಿಗೆ ಅಥವಾ ಒಂದು ಕಿಲೊಗೆ ಎಷ್ಟು ಬೀಳುತ್ತದೆ ಎಂಬ ಘಟಕ ದರವನ್ನೂ ನಮೂದಿಸಬೇಕು. ಗರಿಷ್ಠ ಬೆಲೆ ಎಂದರೆ ಮೀರಬಾರದ ಬೆಲೆ. ಅಷ್ಟನ್ನೇ ಕೊಡಬೇಕೆಂಬ ಕಟ್ಟಲೆಯಿಲ್ಲ. ಘಟಕ ದರವಂತೂ ಗ್ರಾಹಕನ ಕೈಯಲ್ಲಿರುವ ತಕ್ಕಡಿ. ಎಣ್ಣೆಯ ವಿಷಯದಲ್ಲಿ ಇದರ ಅಗತ್ಯ ಹೆಚ್ಚು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಅಷ್ಟೇ ದೊಡ್ಡದಾಗಿ ಕಾಣುವ 800 ಗ್ರಾಮಿನ ಪೊಟ್ಟಣ 125 ರೂಪಾಯಿಗೂ, ಒಂದು ಲೀಟರಿನದು 138 ರೂಪಾಯಿಗೂ ಸಿಗುವುದಾದರೆ ಮೊದಲನೆಯದೇ ಅಗ್ಗವೆಂದು ಕಣ್ಣು ಹೇಳುತ್ತದೆ. ಗ್ರಾಮಿನ ಲೆಕ್ಕ ಹಾಕಿದರೆ ಮೊದಲನೆಯದು 15.6 ಪೈಸೆ, ಎರಡನೆಯದು 15.2 ಪೈಸೆ. ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗ ಎಂಬುದೂ ನಿಜವಲ್ಲ, ಕೆಲವು ವಸ್ತುಗಳಲ್ಲಿ ಸಣ್ಣದೇ ಅಗ್ಗವಾಗಿರುತ್ತದೆ. ಓದಿ ನೋಡಿದರೆ ಮಾತ್ರ ತಿಳಿಯುವ ವಿಷಯವಿದು.

ಬಿಡಿಯಾಗಿ ತೂಗಿ ಕೊಡುವ ಅಕ್ಕಿ, ಬೇಳೆ, ಹಿಟ್ಟುಗಳಿಗೆ ಸರಕು ಮತ್ತು ಸೇವಾ ತೆರಿಗೆ ಇಲ್ಲ. 25 ಕಿಲೊವರೆಗಿನ ಮುದ್ರಿತ ಪೊಟ್ಟಣಗಳಿಗೆ 2022ರ ಜುಲೈ 18ರಿಂದ ಶೇಕಡಾ 5ರ ತೆರಿಗೆ ಬಂದಿತು. ಆದ್ದರಿಂದ ನಂಬಿಕೆಯ ಅಂಗಡಿಯಲ್ಲಿ ಬಿಡಿ ಧಾನ್ಯ ಕೊಳ್ಳುವುದು ಲಾಭಕರ. ಮೆಣಸಿನ ಪುಡಿ, ಅರಿಸಿನ ಪುಡಿಗಳ ಮಾತು ಬೇರೆ. ಬಿಡಿಯಾಗಿ ಮಾರುವ ಪುಡಿಗಳಲ್ಲಿ ಕಲಬೆರಕೆಯ ಭಯ ಹೆಚ್ಚು. ಬ್ಯಾಡಗಿ ಮೆಣಸಿನಕಾಯಿಯನ್ನೂ ಅರಿಸಿನ ಕೊಂಬನ್ನೂ ಇಡಿಯಾಗಿ ಕೊಂಡು ಗಿರಣಿಯಲ್ಲಿ ಕಣ್ಣೆದುರಿಗೆ ಬೀಸಿಸಿಕೊಂಡರೆ ಹಣದೊಡನೆ ಗುಣವೂ ಉಳಿಯುತ್ತದೆ. ಸಣ್ಣ ಪೊಟ್ಟಣಗಳನ್ನು ಬಿಟ್ಟು, ಹೀಗೆ ನೋಡಿ ಕೊಳ್ಳುವುದರಿಂದ ತಿಂಗಳಿಗೆ 250 ರೂಪಾಯಿ ಉಳಿದೀತು. ವಾರಕ್ಕೊಮ್ಮೆ ಮಾತ್ರ ತರಕಾರಿ ತಂದು, ಬಾಡುವ ಸೊಪ್ಪನ್ನು ಮೊದಲು ಬಳಸಿ, ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವ ಹಳೆಯ ಪದ್ಧತಿಯಿಂದ ಇನ್ನೊಂದು 200. ಮನೆಗೇ ತಂದುಕೊಡುವ ಅಂಗಡಿಗಳಲ್ಲಿ ಸಾಗಣೆಯ ಶುಲ್ಕ ತಪ್ಪಿಸಿಕೊಳ್ಳಲು ಬೇಡದ ವಸ್ತುವನ್ನು ಸೇರಿಸುವ ಅಭ್ಯಾಸ ಬಿಟ್ಟರೆ 150. ಒಟ್ಟು 1,525 ರೂಪಾಯಿ. ಊಟದ ತಟ್ಟೆಯಿಂದ ಒಂದು ತುತ್ತೂ ಕಡಿಮೆಯಾಗಿಲ್ಲ.

ಸಗಟು ಖರೀದಿಯ ಲಾಭ, ನಷ್ಟ

ಕಲಬುರಗಿ, ವಿಜಯಪುರ, ಬೀದರ ಭಾಗದ ಕುಟುಂಬಗಳಲ್ಲಿ ಹೊಸ ತೊಗರಿ ಬಂದಾಗ ವರ್ಷದ ಬೇಳೆ ಮಾಡಿಸಿ, ಹರಳೆಣ್ಣೆ ಸವರಿ ಡಬ್ಬದಲ್ಲಿ ತುಂಬಿಡುವ ರೂಢಿ ಇಂದಿಗೂ ಉಂಟು. ಸಂಕ್ರಾಂತಿಗೋ ಯುಗಾದಿಗೋ ಊರಿಗೆ ಹೋದವರು ಮುಂಬಯಿಯ ಬಸ್ಸಿನಲ್ಲಿ ಜೋಳದ ಚೀಲ ಹಾಕಿಕೊಂಡು ಬರುತ್ತಾರೆ. ಸ್ವಂತ ಹೊಲದ ಧಾನ್ಯವಾದರೆ ಇದಕ್ಕಿಂತ ದೊಡ್ಡ ಉಳಿತಾಯ ಬೇರೊಂದಿಲ್ಲ.

ಆದರೆ ಹಣ ಕೊಟ್ಟು ಕೊಳ್ಳುವಾಗ, ಅದರಲ್ಲಿಯೂ ದುಬಾರಿ ಸಾಲ ತಲೆಯ ಮೇಲಿರುವಾಗ, ಸಗಟು ಖರೀದಿಯ ಲೆಕ್ಕ ಬೇರೆ. ಆರು ತಿಂಗಳ ಬೇಳೆಯನ್ನು ಶೇಕಡಾ 10 ಅಗ್ಗವಾಗಿ ಕೊಂಡರೆ ಆ ಹಣವು ಸರಾಸರಿ ಮೂರು ತಿಂಗಳ ಕಾಲ ಡಬ್ಬದಲ್ಲಿ ಕುಳಿತಿರುತ್ತದೆ. ಅದೇ ಹಣವನ್ನು ಕಾರ್ಡಿಗೆ ಕಟ್ಟಿದ್ದರೆ ಮೂರು ತಿಂಗಳಲ್ಲಿ ಶೇಕಡಾ 12ಕ್ಕೂ ಮೀರಿದ ಬಡ್ಡಿ ಉಳಿಯುತ್ತಿತ್ತು. ಅಗ್ಗದ ಖರೀದಿಯೇ ನಷ್ಟವಾಯಿತು. ಕಾರ್ಡನ್ನೇ ತೋರಿಸಿ ವರ್ಷದ ದಿನಸಿ ತಂದರೆಂದರೆ ಹೇಳುವುದೇ ಬೇಡ. ದುಬಾರಿ ಸಾಲ ತೀರುವವರೆಗೆ ಒಂದು ಅಥವಾ ಎರಡು ತಿಂಗಳಿಗೆ ಸಾಲುವಷ್ಟು ಮಾತ್ರ ಕೊಳ್ಳುವುದು ಲೇಸು. ಮುಂಬಯಿಯ ಮಳೆಗಾಲದಲ್ಲಿ, ಚೆನ್ನೈಯ ಅಕ್ಟೋಬರ್–ಡಿಸೆಂಬರ್ ಮಳೆಯಲ್ಲಿ ರವೆ, ಬೇಳೆಗಳಿಗೆ ಹುಳು ಬೀಳುವುದೂ ಬೇಗ.

ಹೆಚ್ಚು ದಾಸ್ತಾನು ಮಾಡದೆಯೇ ಸಗಟು ದರದ ಲಾಭ ಪಡೆಯುವ ಉಪಾಯವೆಂದರೆ ಹಲವು ಮನೆಗಳು ಕೂಡಿ ಕೊಳ್ಳುವುದು. 1975ರಲ್ಲಿ ಆರಂಭವಾದ ಮುಂಬಯಿ ಗ್ರಾಹಕ ಪಂಚಾಯತ್ ಈ ತತ್ವದ ಮೇಲೆಯೇ ಬೆಳೆದ ಸಂಸ್ಥೆ. ನೆರೆಹೊರೆಯ ಕುಟುಂಬಗಳು ಸಂಘವಾಗಿ ಸೇರಿ, ತಿಂಗಳ ಬೇಡಿಕೆಯನ್ನು ಒಟ್ಟಾಗಿ ಸಲ್ಲಿಸಿ, ಬಂದ ಮಾಲನ್ನು ತಮ್ಮಲ್ಲಿಯೇ ಹಂಚಿಕೊಳ್ಳುತ್ತವೆ. ಕನ್ನಡ ಸಂಘದ ಸದಸ್ಯರೋ ಒಂದೇ ಚಾಳಿನ ನಾಲ್ಕೈದು ಮನೆಯವರೋ ಇದೇ ರೀತಿ ವಾಶಿಯ ಸಗಟು ಮಾರುಕಟ್ಟೆಯಿಂದ, ಪುಣೆಯ ಮಾರ್ಕೆಟ್ ಯಾರ್ಡಿನಿಂದ, ಹೈದರಾಬಾದಿನ ಬೇಗಂ ಬಜಾರಿನಿಂದ ತರಿಸಿಕೊಳ್ಳಬಹುದು. ತರಕಾರಿಗೆ ಚೆನ್ನೈಯ ಕೋಯಂಬೇಡು, ದೆಹಲಿಯ ಆಜಾದ್‌ಪುರ, ಹೈದರಾಬಾದಿನವರಿಗೆ 1999ರಲ್ಲಿ ಆರಂಭವಾದ ರೈತು ಬಜಾರುಗಳಿವೆ. ಒಬ್ಬರೇ ಆಟೋರಿಕ್ಷಾ ಮಾಡಿಕೊಂಡು ಹೋದರೆ ಉಳಿದದ್ದು ಬಾಡಿಗೆಗೇ ಸರಿಹೋಗುತ್ತದೆ. ನಾಲ್ವರ ಪರವಾಗಿ ಒಬ್ಬರು ಹೋಗುವ ಸರದಿಯಿದ್ದರೆ ಮಾತ್ರ ಪ್ರಯೋಜನ.

ಕಡಿಮೆ ಮಾಡಬಾರದ ವಸ್ತುಗಳು

ಮಿತವ್ಯಯದ ಹೆಸರಿನಲ್ಲಿ ಮನೆಗಳಲ್ಲಿ ಮೊದಲು ಕೈಬಿಡುವ ವಸ್ತುಗಳನ್ನು ಗಮನಿಸಿದರೆ ಕಳವಳವಾಗುತ್ತದೆ. ಬೇಳೆ ತೆಳ್ಳಗಾಗುತ್ತದೆ. ಮೊಟ್ಟೆ ನಿಲ್ಲುತ್ತದೆ. ಹಾಲು ಕಡಿಮೆಯಾಗುತ್ತದೆ, ಅದೂ ಗೃಹಿಣಿಯ ಲೋಟದಿಂದ. ಎಲ್ಲರಿಗೂ ಬಡಿಸಿ ಕೊನೆಗೆ ಕುಳಿತುಕೊಳ್ಳುವವಳ ತಟ್ಟೆಯಲ್ಲಿ ಪಲ್ಯವಿಲ್ಲದಿರುವುದನ್ನು ಯಾವ ಲೆಕ್ಕದ ಪುಸ್ತಕವೂ ತೋರಿಸುವುದಿಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67ರಷ್ಟು. ಇಂಥ ಸ್ಥಿತಿಯಲ್ಲಿ ಸೊಪ್ಪು, ಬೇಳೆಕಾಳು, ಮೊಟ್ಟೆಗಳನ್ನು ಕಡಿತಗೊಳಿಸಿ ಸಾಲ ತೀರಿಸಿದರೆ ಆ ಹಣ ಮುಂದೆ ವೈದ್ಯರಿಗೆ, ಔಷಧಿಗೆ ಹೋಗುತ್ತದೆ. ಮೇಲಿನ ಕುಟುಂಬದ ಕಾರ್ಡಿನ ಸಾಲವೂ ಆಸ್ಪತ್ರೆಯಿಂದಲೇ ಆರಂಭವಾಯಿತು ಎಂಬುದನ್ನು ನೆನೆಯಬಹುದು.

ತೊಗರಿಬೇಳೆ ದುಬಾರಿಯಾದ ತಿಂಗಳಲ್ಲಿ ಹೆಸರುಬೇಳೆ, ಕಡಲೆ, ಮಡಿಕೆಕಾಳು, ಹುರುಳಿ, ಅಲಸಂದೆಗಳ ಪೈಕಿ ಅಗ್ಗವಿರುವುದನ್ನು ಕೊಳ್ಳುವುದು ಕಡಿತವಲ್ಲ, ಬದಲಾವಣೆ. ಕಾಳನ್ನು ಮೊಳಕೆ ಬರಿಸಿದರೆ ಅಡುಗೆಯಲ್ಲಿ ಒದಗೂ ಹೆಚ್ಚು. ಹುರುಳಿಯ ಕಟ್ಟಿನ ಸಾರು ಮಾಡಿ ಕಾಳನ್ನು ಪಲ್ಯಕ್ಕೆ ಬಳಸುವ ಮನೆಯಲ್ಲಿ ಒಂದೇ ಬಟ್ಟಲು ಕಾಳಿನಿಂದ ಎರಡು ವ್ಯಂಜನಗಳಾಗುತ್ತವೆ. ಉಳಿತಾಯವೆಂಬ ಮಾತು ಹುಟ್ಟುವ ಮೊದಲೇ ಹಳೆಯ ಅಡುಗೆಯವರು ಇದನ್ನು ಬಲ್ಲವರಾಗಿದ್ದರು.

ಪಡಿತರ ಚೀಟಿ ಊರಿನಲ್ಲಿದ್ದರೆ

ಹಡಪಸರದ ಕುಟುಂಬದ ಆದಾಯಕ್ಕೆ ಆದ್ಯತಾ ಪಡಿತರ ಚೀಟಿ ದೊರೆಯುವುದು ಕಷ್ಟ. ಆದರೆ ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ, ಹಮಾಲಿಗೆ ಕರ್ನಾಟಕದಿಂದ ಬಂದು ಈ ನಗರಗಳಲ್ಲಿರುವ ಸಾವಿರಾರು ಕುಟುಂಬಗಳ ಚೀಟಿ ಊರಿನ ಮನೆಯ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ. ಅವರು ಪೇಟೆಯ ದರದಲ್ಲಿ ಅಕ್ಕಿ ಕೊಳ್ಳುತ್ತಾರೆ, ಅದಕ್ಕಾಗಿ ಉದ್ರಿ ಬರೆಸುತ್ತಾರೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮದ ಮೇರೆಗೆ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೊ, ಅಂತ್ಯೋದಯ ಕುಟುಂಬಕ್ಕೆ ಒಟ್ಟು 35 ಕಿಲೊ ಆಹಾರಧಾನ್ಯದ ಹಕ್ಕಿದೆ. 2023ರ ಜನವರಿ 1ರಿಂದ ಈ ಧಾನ್ಯವನ್ನು ಉಚಿತವಾಗಿ ಕೊಡಲಾಗುತ್ತಿದ್ದು, 2024ರ ಜನವರಿ 1ರಿಂದ ಐದು ವರ್ಷಗಳಿಗೆ ಅದನ್ನು ಮುಂದುವರಿಸಲಾಗಿದೆ.

ಒಂದು ರಾಷ್ಟ್ರ ಒಂದು ಪಡಿತರ ಚೀಟಿ ಯೋಜನೆಯು 2022ರ ಜೂನ್ ವೇಳೆಗೆ ಎಲ್ಲ ರಾಜ್ಯಗಳಲ್ಲಿಯೂ ಕೇಂದ್ರಾಡಳಿತ ಪ್ರದೇಶಗಳಲ್ಲಿಯೂ ಜಾರಿಗೆ ಬಂದಿದೆ. ಕರ್ನಾಟಕದ ಚೀಟಿಯಿಂದ ಮುಂಬಯಿಯ ಅಥವಾ ಹೈದರಾಬಾದಿನ ನ್ಯಾಯಬೆಲೆ ಅಂಗಡಿಯಲ್ಲಿ, ಆಧಾರ್ ಮೂಲಕ ಬೆರಳಚ್ಚು ಕೊಟ್ಟು, ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಹೊಸ ಚೀಟಿ ಮಾಡಿಸಬೇಕಾಗಿಲ್ಲ. ಮನೆಯ ಕೆಲವರು ಊರಿನಲ್ಲಿ, ಕೆಲವರು ನಗರದಲ್ಲಿ ಇದ್ದರೆ ಪಾಲನ್ನು ಎರಡೂ ಕಡೆ ಭಾಗವಾಗಿ ಪಡೆಯಲು ಅವಕಾಶವಿದೆ. ಕರ್ನಾಟಕ ಸರ್ಕಾರವು ತನ್ನ ವತಿಯಿಂದ ಕೊಡುವ ಹೆಚ್ಚುವರಿ ಸೌಲಭ್ಯ ಮಾತ್ರ ಹೊರರಾಜ್ಯದ ಅಂಗಡಿಯಲ್ಲಿ ದೊರೆಯದು. ಚೀಟಿಯಲ್ಲಿರುವವರ ಆಧಾರ್ ಜೋಡಣೆಯಾಗಿರುವುದು ಅವಶ್ಯ. ಅಂಗಡಿಯವರು ನಿರಾಕರಿಸಿದಲ್ಲಿ 14445 ಸಂಖ್ಯೆಗೆ ಕರೆ ಮಾಡಿ ಕೇಳಬಹುದು. ತೂಕದಲ್ಲಿ ಮೋಸ, ಗರಿಷ್ಠ ಬೆಲೆಗಿಂತ ಹೆಚ್ಚು ವಸೂಲಿ ಮುಂತಾದ ಇತರ ಅಂಗಡಿಗಳ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ನಾಲ್ಕು ಜನರ ಆದ್ಯತಾ ಕುಟುಂಬಕ್ಕೆ ತಿಂಗಳಿಗೆ 20 ಕಿಲೊ ಧಾನ್ಯ. ಕಿಲೊಗೆ 40 ರೂಪಾಯಿ ಎಂದರೂ 800 ರೂಪಾಯಿ. ಕಿರುಸಾಲದ ವಾರದ ಕಂತಿಗೆ ಒದ್ದಾಡುವ ಮನೆಯಲ್ಲಿ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳಂತೆ ಕಿರುಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ ಎಂಬುದನ್ನು ಇಂಥ ಸಾಲಗಾರರು ತಿಳಿದಿರಬೇಕು.

ಉಳಿದ ಹಣದ ದಾರಿ

ಉಳಿತಾಯವು ಎಷ್ಟೋ ಮನೆಗಳಲ್ಲಿ ಸಾಲದವರೆಗೆ ತಲುಪುವುದೇ ಇಲ್ಲ. ಎಣ್ಣೆಯಲ್ಲಿ ಉಳಿದ 225 ರೂಪಾಯಿ ಖಾತೆಯಲ್ಲಿಯೇ ಇದ್ದರೆ ತಿಂಗಳ ಕೊನೆಯ ಹೊತ್ತಿಗೆ ಬೇರೊಂದು ಖರ್ಚಿನಲ್ಲಿ ಕರಗಿಹೋಗುತ್ತದೆ. ತಿಂಗಳ ಕೊನೆಗೆ ಉಳಿದುದನ್ನು ಕಟ್ಟೋಣ ಎನ್ನುವ ಬದಲು, ಸಂಬಳ ಬಂದ ದಿನವೇ 3,500 ರೂಪಾಯಿಯನ್ನು ಕಾರ್ಡಿಗೆ ಕಟ್ಟಿ, ಆಹಾರಕ್ಕೆ 12,000ದ ಬದಲು 10,500 ರೂಪಾಯಿ ತೆಗೆದಿಡಬೇಕು. ದಿನಸಿ ಮತ್ತು ಹಾಲಿನ ಹಣವನ್ನು ಬೇರೆ ಮಾಡಿ, ತರಕಾರಿ ತಿಂಡಿಗಳ ಹಣವನ್ನು ನಾಲ್ಕು ಲಕೋಟೆಗಳಲ್ಲಿ ವಾರಕ್ಕೊಂದರಂತೆ ಹಾಕಿಟ್ಟರೆ ಮೂರನೆಯ ವಾರದಲ್ಲಿಯೇ ಎಡವಿದ್ದು ತಿಳಿಯುತ್ತದೆ. ನೆಂಟರು ಬಂದ ತಿಂಗಳು, ಗಣೇಶ ಚತುರ್ಥಿಯ ತಿಂಗಳು ಲೆಕ್ಕ ತಪ್ಪುವುದು ಸಹಜ. ಆ ತಿಂಗಳು 3,500ರ ಬದಲು 2,500 ಕಟ್ಟಿದರೂ ಸರಿ, ಕಾರ್ಡನ್ನು ಮಾತ್ರ ಮತ್ತೆ ಹೊರಗೆ ತೆಗೆಯಬಾರದು. ಅದನ್ನು ಅತ್ತೆಯವರ ಟ್ರಂಕಿನಲ್ಲಿ ಇಡುವುದೂ ಒಂದು ಉಪಾಯವೇ.

ಈ ಲೆಕ್ಕ ಮನೆಯ ಎಲ್ಲರಿಗೂ ತಿಳಿದಿರುವುದು ಒಳ್ಳೆಯದು. ಸಾಲದ ಮೊತ್ತ ಗಂಡನಿಗೆ ಮಾತ್ರ, ದಿನಸಿಯ ಲೆಕ್ಕ ಹೆಂಡತಿಗೆ ಮಾತ್ರ ಗೊತ್ತಿರುವ ಮನೆಯಲ್ಲಿ ಎರಡೂ ಕೂಡಿಬರುವುದಿಲ್ಲ. ತಿಂಗಳಿಗೊಮ್ಮೆ ಕಾರ್ಡಿನ ಬಾಕಿಯನ್ನು ದಿನದರ್ಶಿಕೆಯ ಹಾಳೆಯ ಮೇಲೆ ಬರೆದಿಟ್ಟರೆ 40,000 ರೂಪಾಯಿ 38,152 ಆಗುವುದನ್ನು, ಅದು 36,228 ಆಗುವುದನ್ನು ಮಕ್ಕಳೂ ನೋಡುತ್ತಾರೆ. ತಂಪು ಪಾನೀಯ ಏಕೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇರುತ್ತದೆ.

ಸಾಲ ಪೂರ್ತಿ ಸಂದ ಬಳಿಕ ಬಾಕಿ ಇಲ್ಲವೆಂಬ ಪತ್ರವನ್ನು ಬ್ಯಾಂಕಿನಿಂದ ಬರವಣಿಗೆಯಲ್ಲಿ ಪಡೆಯಬೇಕು. ಕಾರ್ಡು ಬೇಡವೆಂದು ಕೋರಿದಲ್ಲಿ, ಬಾಕಿಯೆಲ್ಲ ಸಂದಿದ್ದರೆ, ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ ಏಳು ಕೆಲಸದ ದಿನಗಳೊಳಗೆ ಅದನ್ನು ಮುಚ್ಚಬೇಕು. ವಿಳಂಬವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ದಂಡ ತೆರಬೇಕಾಗುತ್ತದೆ. ಊರಿನ ಕೈಗಡಕ್ಕೆ ಬರೆದುಕೊಟ್ಟ ಪ್ರಾಮಿಸರಿ ನೋಟನ್ನೂ, ಭದ್ರತೆಗೆಂದು ಕೊಟ್ಟ ಖಾಲಿ ಚೆಕ್ಕನ್ನೂ ಕೊನೆಯ ಹಣ ಕೊಡುವ ದಿನವೇ, ಇಬ್ಬರ ಸಮಕ್ಷಮ, ಹಿಂದಕ್ಕೆ ಪಡೆಯತಕ್ಕದ್ದು.